ಒಂದು ಗಾಬ್ಲಿನ್ ಎರಡು ಸಲ ಹೊಡೆದ ಕಥೆ

ಇವತ್ತಿನ ಸಂಚಿಕೆ ಒಂದು ಜಗಳದಿಂದ ಶುರುವಾಗುತ್ತೆ. ಜಗಳ ನನ್ನದೇ, ತಪ್ಪೂ ಬಹುಪಾಲು ನನ್ನದೇ.

ನಾಲ್ಕು ವರ್ಷದ ಹಿಂದಿನ ಮಾತು. ಬೆಂಗಳೂರಿನ ವಿಜಯನಗರದಲ್ಲಿ ನಾವು ಮೂರು ಜನ ಹುಡುಗರು ಬಾಡಿಗೆಗಿದ್ದ ಮನೆ. ಭಾನುವಾರ ಸಂಜೆ, ಹೊರಗೆ ಮಳೆ, ನೆಲದ ಮೇಲೆ ಚಾಪೆ, ಚಾಪೆ ಮೇಲೆ 'ಮ್ಯಾಜಿಕ್: ದ ಗ್ಯಾದರಿಂಗ್' ಕಾರ್ಡುಗಳು. ಎದುರಿಗೆ ಕೂತಿದ್ದವನು ಬಿ.ಕಾಂ. ದಿನಗಳಿಂದ ಗೆಳೆಯ. ಅವನ ಕಾರ್ಡುಗಳು ಒಂದು ಶೂ ಡಬ್ಬಿಯಲ್ಲಿದ್ದವು. ಅಮೆರಿಕದಲ್ಲಿದ್ದ ದೊಡ್ಡಪ್ಪನ ಮಗ 2008ರಲ್ಲಿ ಊರಿಗೆ ಬಂದಾಗ ಡಬ್ಬಿ ಕೊಟ್ಟು, ಆಡೋದನ್ನೂ ಹೇಳಿಕೊಟ್ಟು ಹೋಗಿದ್ದನಂತೆ. ನಾನು ಕಲಿತದ್ದು ಎರಡನೇ ಲಾಕ್‌ಡೌನ್‌ನಲ್ಲಿ, ಫೋನಿನ ಆ್ಯಪ್‌ನಲ್ಲಿ.

ಅವನು 'ಮಾಗ್ ಫೆನಾಟಿಕ್' ಅನ್ನೋ ಪುಟ್ಟ ಕೆಂಪು ಗಾಬ್ಲಿನ್‌ನಿಂದ ದಾಳಿ ಮಾಡಿದ. ಅದರ ಏಟು ಒಂದು, ಅದು ತಾಳಿಕೊಳ್ಳೋದೂ ಒಂದೇ ಏಟು. ನಾನು ಎರಡು ಹೊಡೆದು ಎರಡು ತಾಳಬಲ್ಲ ಜೀವಿಯೊಂದನ್ನು ಅಡ್ಡ ನಿಲ್ಲಿಸಿದೆ. ಲೆಕ್ಕ ಸುಲಭ: ಅವನದು ಸಾಯುತ್ತೆ, ನನ್ನದು ಉಳಿಯುತ್ತೆ. ಅವನು ತಣ್ಣಗೆ ಹೇಳಿದ: "ಡ್ಯಾಮೇಜ್ ಸ್ಟ್ಯಾಕ್ ಮೇಲಿದೆ. ಈಗ ಗಾಬ್ಲಿನ್‌ನ ಬಲಿ ಕೊಡ್ತೀನಿ, ನಿನ್ನ ಜೀವಿಗೆ ಇನ್ನೊಂದು ಏಟು." ತನ್ನನ್ನೇ ಬಲಿ ಕೊಟ್ಟು ಒಂದು ಏಟು ಹಾಕೋದು ಆ ಕಾರ್ಡಿಗಿರೋ ವಿಶೇಷ ಶಕ್ತಿ. ಕಾಳಗದ ಏಟು ಒಂದು, ಬಲಿಯ ಏಟು ಒಂದು. ನನ್ನ ಜೀವಿ ಸತ್ತಿತು.

"ಇದು ಮೋಸ ಕಣೋ," ಅಂದೆ. ಫೋನ್ ತೆಗೆದು ನಿಯಮ ಓದಿ ತೋರಿಸಿದೆ. ಕಾಳಗದ ಏಟು ಸ್ಟ್ಯಾಕ್‌ಗೆ ಹೋಗೋದೇ ಇಲ್ಲ, ಗಾಬ್ಲಿನ್ ಹೊಡೀಬೇಕು ಇಲ್ಲ ಬಲಿಯಾಗಬೇಕು, ಎರಡೂ ಆಗಲ್ಲ. ಅವನು, "ನಾನು ಮೊದಲಿಂದ ಹೀಗೇ ಆಡಿರೋದು," ಅಂದ. ನಾನು ಸುಮ್ಮನಿರಬಹುದಿತ್ತು. "ಹಾಗಾದ್ರೆ ಮೊದಲಿಂದ ಮೋಸ ಮಾಡ್ತಾ ಇದೀಯ," ಅಂದೆ, ಇನ್ನಿಬ್ಬರ ಎದುರಿಗೆ. ಅವನು ಕಾರ್ಡುಗಳನ್ನು ಒಟ್ಟುಮಾಡಿ, ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ, ಮಳೆಯಲ್ಲೇ ಹೊರಟುಹೋದ. ಆಮೇಲೆ ಹಬ್ಬಕ್ಕೊಂದು ಮೆಸೇಜ್, ಅಷ್ಟೇ.

ಈ ಸಂಚಿಕೆಗೆ ಅಂತ ಓದೋಕೆ ಕೂತಾಗ ನನಗೆ ಗೊತ್ತಾದದ್ದು ಏನಂದ್ರೆ, ಅವತ್ತು ಅವನು ಆಡಿದ ರೀತಿ ಒಂದು ಕಾಲದಲ್ಲಿ ಪಕ್ಕಾ ಅಧಿಕೃತ ನಿಯಮ. ಆ ಕಾಲ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಯಾಕೆ ಅಂತ ಹೇಳ್ತೀನಿ.

ಈ ಆಟ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಚಿಕ್ಕಂದಿನಲ್ಲಿ ಟ್ರಂಪ್ ಕಾರ್ಡ್ ಆಡಿದ್ದೀರಿ ಅಲ್ವಾ? ಕುಸ್ತಿಪಟುಗಳದ್ದು, ಕ್ರಿಕೆಟಿಗರದ್ದು. ನಾನು ಎತ್ತರ ಅಂತೀನಿ, ನೀವು ನಿಮ್ಮ ಕಾರ್ಡಿನ ಎತ್ತರ ತೋರಿಸ್ತೀರಿ, ಮುಗೀತು. ಅದರಲ್ಲಿ 'ತಡಿ, ಅದು ಆಗೋಕೆ ಮುಂಚೆ ನಾನು ಇದನ್ನ ಮಾಡ್ತೀನಿ' ಅನ್ನೋಕೆ ಜಾಗವೇ ಇಲ್ಲ. ಮ್ಯಾಜಿಕ್‌ನ ಜೀವ ಇರೋದೇ ಆ 'ತಡಿ'ಯಲ್ಲಿ. ಇಬ್ಬರು ಮಂತ್ರವಾದಿಗಳು, ತಲಾ 20 ಪ್ರಾಣ, ಕೈಯಲ್ಲಿ ಕಾರ್ಡು. ನನ್ನ ಸರದಿಯಲ್ಲಿ ನಾನು ಮಂತ್ರ ಹಾಕ್ತೀನಿ, ಆದರೆ ಅದು ಜಾರಿಯಾಗೋಕೆ ಮುಂಚೆ ನೀವು ಅಡ್ಡಬಾಯಿ ಹಾಕಬಹುದು. ನಿಮ್ಮ ಅಡ್ಡಬಾಯಿಗೆ ನಾನು ಇನ್ನೊಂದು ಹಾಕಬಹುದು. ಆಗ ಯಾವುದು ಮೊದಲು ಆಗುತ್ತೆ? ಕಳೆದ ಮೂವತ್ತು ವರ್ಷ ಈ ಆಟದ ನಿಯಮ ಬರೆಯೋರು ಒದ್ದಾಡಿರೋದು ಹೆಚ್ಚಾಗಿ ಈ ಒಂದು ಪ್ರಶ್ನೆಯ ಜೊತೆ.

ಆಟ ಕಟ್ಟಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದ ಮನುಷ್ಯ. 1991ರಲ್ಲಿ ಅವರು ರೋಬೋಗಳ ಓಟದ ಒಂದು ಬೋರ್ಡ್ ಗೇಮ್ ಹಿಡ್ಕೊಂಡು 'ವಿಜರ್ಡ್ಸ್ ಆಫ್ ದ ಕೋಸ್ಟ್' ಅನ್ನೋ ಪುಟಾಣಿ ಕಂಪನಿಯ ಪೀಟರ್ ಆಡ್ಕಿಸನ್ ಹತ್ತಿರ ಹೋದರು. ಆಡ್ಕಿಸನ್ ಆಗ ಬೋಯಿಂಗ್‌ನಲ್ಲಿ ಕೆಲಸದಲ್ಲಿದ್ದವರು. ಅಷ್ಟು ದೊಡ್ಡ ಆಟ ಅಚ್ಚು ಹಾಕೋಕೆ ಕಾಸಿಲ್ಲ, ಕಡಿಮೆ ಖರ್ಚಿನದ್ದು, ಎಲ್ಲಿಗೆ ಬೇಕಾದರೂ ಒಯ್ಯಬಹುದಾದದ್ದು, ಬೇಗ ಮುಗಿಯೋದು ಏನಾದರೂ ಇದ್ದರೆ ಹೇಳಿ ಅಂದರು. ಅದರಿಂದ ಹುಟ್ಟಿದ್ದು ಮ್ಯಾಜಿಕ್. 1993ರ ಆಗಸ್ಟ್‌ನಲ್ಲಿ ಬಂದ ಮೊದಲ ಮುದ್ರಣಕ್ಕೆ 'ಆಲ್ಫಾ' ಅಂತ ಹೆಸರು. 295 ಬಗೆಯ ಕಾರ್ಡುಗಳು, ಒಟ್ಟು ಸುಮಾರು 26 ಲಕ್ಷ ಕಾರ್ಡು, ಬೆಲ್ಜಿಯಂನಲ್ಲಿ ಅಚ್ಚು.

60 ಕಾರ್ಡಿನ ಪೆಟ್ಟಿಗೆಯ ಜೊತೆಗೆ ಜೇಬಿಗೆ ಹಿಡಿಯೋ ಅಳತೆಯ ಒಂದು ನಿಯಮಪುಸ್ತಕ. 'ಯಾವುದು ಮೊದಲು' ಅನ್ನೋ ಪ್ರಶ್ನೆಗೆ ಅದರಲ್ಲಿದ್ದ ಮುಖ್ಯ ಉತ್ತರ ವೇಗ. ಕೆಲವು ಮಂತ್ರ ನಿಧಾನದವು, ನಿಮ್ಮ ಸರದಿಯಲ್ಲಿ ಮಾತ್ರ. ಕೆಲವು ವೇಗದವು, ಯಾವಾಗ ಬೇಕಾದರೂ ಹಾಕಬಹುದು. ಅವಕ್ಕೆ 'ಇನ್‌ಸ್ಟಂಟ್' ಅಂತ ಹೆಸರು. ಅದಕ್ಕಿಂತ ವೇಗದವು 'ಇಂಟರಪ್ಟ್'. ಎದುರಾಳಿಯ ಮಂತ್ರವನ್ನೇ ರದ್ದು ಮಾಡೋ 'ಕೌಂಟರ್‌ಸ್ಪೆಲ್' ಇಂಟರಪ್ಟ್ ಆಗಿತ್ತು. ಇಂಟರಪ್ಟ್‌ಗೆ ಉತ್ತರ ಕೊಡಬೇಕಾದರೆ ಇನ್ನೊಂದು ಇಂಟರಪ್ಟ್ ಬೇಕು, ಇನ್‌ಸ್ಟಂಟ್ ಸಾಲದು.

ಕೇಳೋಕೆ ಚೆನ್ನಾಗಿದೆ. ತೊಂದರೆ ಏನಂದ್ರೆ ವೇಗಕ್ಕೆ ಕೊನೆ ಇಲ್ಲ. ಇಂಟರಪ್ಟ್ ಹಾಕೋಕೆ ಮನಾ ಬೇಕು. ಮನಾ ಅಂದ್ರೆ ಈ ಆಟದ ರೊಕ್ಕ. ಆ ರೊಕ್ಕ ಹುಟ್ಟಿಸೋ ಕಾರ್ಡು ಇಂಟರಪ್ಟ್‌ನಷ್ಟಾದರೂ ವೇಗ ಇರಬೇಕು. ಅದನ್ನೂ ಯಾರಾದರೂ ತಡೆದರೆ? ಹಾಗಾಗಿ 90ರ ದಶಕದ ಕೊನೆಯ ಭಾಗದಲ್ಲಿ 'ಮನಾ ಸೋರ್ಸ್' ಅನ್ನೋ ಇನ್ನೊಂದು ಬಗೆ ಬಂತು. ಮೂರು ಕಪ್ಪು ಮನಾ ಕೊಡೋ 'ಡಾರ್ಕ್ ರಿಚುಯಲ್' ಅನ್ನೋ ಹಳೇ ಕಾರ್ಡು ಮೊದಲು ಇಂಟರಪ್ಟ್, ಆಮೇಲೆ ಮನಾ ಸೋರ್ಸ್, ಆಮೇಲೆ ಇನ್‌ಸ್ಟಂಟ್ ಅಂತ ಅಚ್ಚಾಗಿದೆ. ಕಾರ್ಡು ಮಾಡೋ ಕೆಲಸ ಅದೇ, ಮೇಲಿನ ಹಣೆಪಟ್ಟಿ ಮಾತ್ರ ಎರಡು ಸಲ ಬದಲಾಯಿತು.

ವೇಗದ ಜೊತೆಗೆ ಕಿಟಕಿಗಳು ಬೇರೆ. ಏಟು ಬಿದ್ದ ಮೇಲೆ 'ಡ್ಯಾಮೇಜ್ ತಡೆಯೋ ಹಂತ' ಅಂತ ಒಂದು ವಿಶೇಷ ಗಳಿಗೆ ತೆರೆಯುತ್ತಿತ್ತು. ಆ ಗಳಿಗೆಯಲ್ಲಿ ಏಟನ್ನು ತಡೆಯೋ ಅಥವಾ ಜೀವಿಯನ್ನು ಬದುಕಿಸೋ ಕಾರ್ಡು ಮಾತ್ರ ಹಾಕಬಹುದು, ಬೇರೆ ಏನನ್ನೂ ಹಾಕೋ ಹಾಗಿಲ್ಲ. ಇನ್ನೊಂದು ತಮಾಷೆ ಕೇಳಿ. ನಿಮ್ಮ ಪ್ರಾಣ ಸೊನ್ನೆಗಿಳಿದರೆ ತಕ್ಷಣ ಸೋತಿರಿ ಅಂತಲ್ಲ. ಆ ಹಂತ ಮುಗಿದಾಗ ಲೆಕ್ಕ ನೋಡೋದು. ಅಂದ್ರೆ ಮೈನಸ್ ಎರಡಕ್ಕೆ ಇಳಿದವನು ಹಂತ ಮುಗಿಯೋದರೊಳಗೆ ಮತ್ತೆ ಒಂದಕ್ಕೆ ಏರಿಕೊಂಡರೆ ಬದುಕಿದ. ತಿಂಗಳ ಕೊನೆಗೆ ಬ್ಯಾಲೆನ್ಸ್ ಸರಿ ಇದ್ದರೆ ಸಾಕು, ನಡುವೆ ಓವರ್‌ಡ್ರಾಫ್ಟ್ ಆಗಿದ್ದು ಯಾರೂ ಕೇಳಲ್ಲ ಅನ್ನೋ ಹಾಗೆ.

ಇನ್‌ಸ್ಟಂಟ್‌ಗಳಿಗೆ 'ಬ್ಯಾಚ್' ಅನ್ನೋ ವ್ಯವಸ್ಥೆ ಬೆಳೆಯಿತು. ಇಬ್ಬರೂ ಒಂದಾದ ಮೇಲೊಂದು ಹಾಕ್ತಾ ಹೋಗ್ತಾರೆ. ಇಬ್ಬರೂ ಸಾಕು ಅಂದಾಗ ಕೊನೆಯದ್ದರಿಂದ ಹಿಂದಕ್ಕೆ ಒಂದೊಂದೇ ಜಾರಿಯಾಗುತ್ತೆ. ಆದರೆ ಒಮ್ಮೆ ಜಾರಿ ಶುರುವಾಯಿತು ಅಂದ್ರೆ ಪೂರ್ತಿ ಮುಗಿಯೋ ತನಕ ಯಾರೂ ಬಾಯಿ ತೆರೆಯುವಂತಿಲ್ಲ. ಆಮೇಲೆ ಬೇಕಿದ್ದರೆ ಹೊಸ ಬ್ಯಾಚ್.

ಈಗ ನೀವೇ ಯೋಚಿಸಿ, ಇದೆಲ್ಲಾ ಇಬ್ಬರು ಹದಿನಾಲ್ಕು ವರ್ಷದ ಹುಡುಗರಿಗೆ ಅಡುಗೆಮನೆ ಮೇಜಿನ ಮೇಲೆ ಎಷ್ಟು ನೆನಪಿರುತ್ತೆ? ನಿಜವಾಗಿ ಆಗ್ತಿದ್ದದ್ದು ಇದು: ಊರಿಗೊಬ್ಬ 'ನಿಯಮ ಬಲ್ಲವನು' ಇರ್ತಿದ್ದ, ಅವನು ಹೇಳಿದ್ದೇ ತೀರ್ಪು. ಅವನು ಎದುರಾಳಿಯೇ ಆಗಿದ್ದರೆ ನಿಮ್ಮ ಕಥೆ ಮುಗೀತು. ಪ್ರಶ್ನೆಗಳು ಎಷ್ಟು ಬರ್ತಿದ್ದವು ಅಂದ್ರೆ, ಇಂಟರ್ನೆಟ್‌ನ ಚರ್ಚಾ ಗುಂಪುಗಳಲ್ಲಿ ಉತ್ತರ ಹೇಳೋಕೆ ಅಂತಲೇ ಕಂಪನಿ ಪ್ರತಿನಿಧಿಗಳನ್ನು ಇಟ್ಟಿತ್ತು. 1996ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರೊ ಟೂರ್ ಶುರುವಾಯಿತು, ಗೆದ್ದವರಿಗೆ ನಿಜವಾದ ದುಡ್ಡು. ದುಡ್ಡು ಬಂದ ಮೇಲೆ 'ಯಾವುದು ಮೊದಲು' ಅನ್ನೋದು ತಮಾಷೆಯ ಪ್ರಶ್ನೆಯಾಗಿ ಉಳಿಯಲಿಲ್ಲ.

1999ರ ಏಪ್ರಿಲ್‌ನಲ್ಲಿ 'ಕ್ಲಾಸಿಕ್ ಸಿಕ್ಸ್ತ್ ಎಡಿಷನ್' ಬಂತು. ಅದರ ಜೊತೆ ಬಂದ ನಿಯಮಗಳು ಮೇಲೆ ಹೇಳಿದ ಮನೆಯನ್ನು ಕೆಡವಿ ಹೊಸದು ಕಟ್ಟಿದವು. ಇಂಟರಪ್ಟ್ ಹೋಯಿತು, ಮನಾ ಸೋರ್ಸ್ ಹೋಯಿತು, ಎಲ್ಲಾ ಇನ್‌ಸ್ಟಂಟ್ ಆದವು. ಡ್ಯಾಮೇಜ್ ತಡೆಯೋ ಕಿಟಕಿ ಮುಚ್ಚಿತು. ಪ್ರಾಣ ಸೊನ್ನೆಯಾದರೆ ಆಗಲೇ ಸೋಲು. ಎಲ್ಲಕ್ಕೂ ಸೇರಿ ಒಂದೇ ಜಾಗ: ಸ್ಟ್ಯಾಕ್.

ಸ್ಟ್ಯಾಕ್ ಅಂದ್ರೆ ಪೇರಿ. ಅಮ್ಮ ಕಾವಲಿಯಿಂದ ತೆಗೆದ ದೋಸೆಯನ್ನು ಒಂದರ ಮೇಲೊಂದು ಪೇರಿಸ್ತಾಳೆ, ನಾವು ಮೇಲಿನದ್ದನ್ನೇ ಮೊದಲು ಎತ್ಕೋತೀವಿ. ಕೊನೆಗೆ ಬಂದದ್ದು ಮೊದಲು ಹೋಗುತ್ತೆ. ಉದಾಹರಣೆ ತಗೊಳ್ಳೋಣ, ಎರಡೂ 1993ರ ಮೊದಲ ಮುದ್ರಣದಿಂದಲೇ ಇರೋ ಕಾರ್ಡುಗಳು. 'ಲೈಟ್ನಿಂಗ್ ಬೋಲ್ಟ್' ಮೂರು ಏಟು ಹಾಕುತ್ತೆ. 'ಜೈಂಟ್ ಗ್ರೋತ್' ಆ ಸರದಿ ಮುಗಿಯೋ ತನಕ ಒಂದು ಜೀವಿಗೆ ಮೂರು-ಮೂರು ಶಕ್ತಿ ಸೇರಿಸುತ್ತೆ. ನಿಮ್ಮದೊಂದು ಕರಡಿ ಇದೆ, ಅದು ಎರಡು ಏಟು ತಾಳುತ್ತೆ. ನಾನು ಬೋಲ್ಟ್ ಹಾಕ್ತೀನಿ. ಅದು ಸ್ಟ್ಯಾಕ್ ಮೇಲೆ ಕೂತಿದೆ, ಇನ್ನೂ ಬಿದ್ದಿಲ್ಲ. ನೀವು ಗ್ರೋತ್ ಹಾಕ್ತೀರಿ, ಅದು ಬೋಲ್ಟ್ ಮೇಲೆ ಕೂರುತ್ತೆ. ಮೇಲಿನದ್ದು ಮೊದಲು: ಕರಡಿ ಈಗ ಐದು ಏಟು ತಾಳುತ್ತೆ, ಆಮೇಲೆ ಮೂರು ಬಿದ್ದರೂ ಬದುಕಿತು. ಈಗ ತಿರುಗಿಸಿ. ನೀವೇ ಉತ್ಸಾಹದಿಂದ ಮೊದಲು ಗ್ರೋತ್ ಹಾಕಿದಿರಿ. ಅದರ ಮೇಲೆ ನಾನು ಬೋಲ್ಟ್ ಇಟ್ಟೆ. ಬೋಲ್ಟ್ ಮೊದಲು, ಕರಡಿ ಇನ್ನೂ ಎರಡರದ್ದೇ, ಸತ್ತಿತು. ಆಮೇಲೆ ನಿಮ್ಮ ಗ್ರೋತ್‌ಗೆ ಬೆಳೆಸೋಕೆ ಯಾರೂ ಇಲ್ಲ.

ಅವೇ ಎರಡು ಕಾರ್ಡು, ಅದೇ ಕರಡಿ. ಯಾರು ಮೊದಲು ಆಸೆಪಟ್ಟರೋ ಅವರು ಕಳಕೊಂಡರು.

ಹಳೇ ಬ್ಯಾಚ್‌ನಲ್ಲೂ ಕೊನೆಯದ್ದೇ ಮೊದಲು ಇತ್ತಲ್ಲ, ಹೊಸತೇನು ಅಂತ ಕೇಳಬಹುದು. ಹೊಸತು ಎರಡು. ಒಂದು, ಬೇರೆ ಬೇರೆ ಕಿಟಕಿಗಳಿಲ್ಲ, ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ಪೇರಿ. ಎರಡನೆಯದು ನನಗೆ ದೊಡ್ಡದು ಅನ್ನಿಸೋದು: ಪೇರಿಯ ಮೇಲಿಂದ ಒಂದು ಜಾರಿಯಾದ ಕೂಡಲೇ ಆಟ ನಿಲ್ಲುತ್ತೆ, ಇಬ್ಬರನ್ನೂ ಮತ್ತೆ ಕೇಳುತ್ತೆ. ಏನಾದರೂ ಹೇಳೋದಿದೆಯಾ? ಮೊದಲು ಯಾರ ಸರದಿಯೋ ಅವರಿಗೆ, ಆಮೇಲೆ ಎದುರಿನವರಿಗೆ. ಇದಕ್ಕೆ 'ಪ್ರಯಾರಿಟಿ' ಅಂತಾರೆ. ಇಬ್ಬರೂ ಸಾಲಾಗಿ 'ಇಲ್ಲ' ಅಂದರೆ ಮಾತ್ರ ಮುಂದಿನದ್ದು ಜಾರಿ. ವೇಗದ ಪ್ರಶ್ನೆ ಹೋಗಿ, ಮಾತಾಡೋ ಹಕ್ಕು ಈಗ ಯಾರದ್ದು ಅನ್ನೋ ಪ್ರಶ್ನೆ ಬಂತು. ಇದಕ್ಕೆ ಊರಿನ ಪಂಡಿತ ಬೇಕಿಲ್ಲ. ಕಾರ್ಡುಗಳನ್ನು ನಿಜವಾಗಿಯೂ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರೆ ಸಾಕು, ಕಣ್ಣಿಗೇ ಕಾಣುತ್ತೆ.

ಇಲ್ಲಿ ಒಬ್ಬ ಕಾಮರ್ಸ್ ಹುಡುಗನಾಗಿ ಒಂದು ಅಡ್ಡಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಕೊನೆಗೆ ಬಂದದ್ದು ಮೊದಲು ಹೋಗೋದಕ್ಕೆ ನಮ್ಮ ಕಾಸ್ಟಿಂಗ್ ಪಾಠದಲ್ಲಿ 'ಲೈಫೋ' ಅಂತ ಹೆಸರು. ಗೋದಾಮಿನ ಸರಕಿಗೆ ಬೆಲೆ ಕಟ್ಟೋ ಒಂದು ವಿಧಾನ. ಭಾರತದ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಪರಿಷ್ಕಾರವಾಗಿ ಲೈಫೋವನ್ನು ಹೊರಗೆ ಹಾಕಿತು. ಆ ಪರಿಷ್ಕಾರ ಜಾರಿಗೆ ಬಂದದ್ದು 1999ರ ಏಪ್ರಿಲ್ 1ರಿಂದ ಶುರುವಾಗೋ ಲೆಕ್ಕದ ವರ್ಷಗಳಿಗೆ. ಅಂದ್ರೆ ನಮ್ಮ ಲೆಕ್ಕಪುಸ್ತಕಗಳು ಲೈಫೋವನ್ನು ಬಿಟ್ಟ ತಿಂಗಳೇ ಮ್ಯಾಜಿಕ್ ಅದನ್ನು ಇಡೀ ಆಟಕ್ಕೆ ಹಾಸಿತು. ಎರಡಕ್ಕೂ ಸಂಬಂಧ ಏನೂ ಇಲ್ಲ, ಆದರೂ ಇದು ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಸ್ಟ್ಯಾಕ್ ಅನ್ನೋ ಪದ ಮಾತ್ರ ಲೆಕ್ಕಶಾಸ್ತ್ರದ್ದಲ್ಲ, ಕಂಪ್ಯೂಟರ್‌ನದ್ದು. ಜರ್ಮನಿಯ ಫ್ರೀಡ್ರಿಶ್ ಬಾವರ್ ಮತ್ತು ಕ್ಲಾಸ್ ಸಾಮೆಲ್ಸನ್ 1957ರಲ್ಲೇ ಆ ವಿಚಾರಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು.

ಹೊಸ ಮನೆಯಲ್ಲೂ ಸೋರೋ ಜಾಗ ಇತ್ತು. ನನಗೆ ಇಷ್ಟವಾದ ಕಥೆ 'ವೇಲೇ' ಅನ್ನೋ ಕಾರ್ಡಿನದ್ದು. 1998ರಲ್ಲಿ ಬಂದದ್ದು. ಮೂರು ಮನಾಗೆ ಎರಡು-ಎರಡರ ಮೂವರು ಸವಾರರು ದಿಢೀರ್ ಅಂತ ಬರ್ತಾರೆ, ಸರದಿ ಮುಗಿಯುವಾಗ ಮಾಯವಾಗ್ತಾರೆ. ಎದುರಾಳಿ ದಾಳಿ ಮಾಡಿದಾಗ ಅಡ್ಡ ನಿಲ್ಲಿಸೋಕೆ ಅಂತ ಮಾಡಿದ ಸಾಧಾರಣ ಕಾರ್ಡು. 1999ರ ನಿಯಮಗಳು ಬಂದ ಮೇಲೆ ಯಾರೋ ಗಮನಿಸಿದರು: 'ಸರದಿಯ ಕೊನೆಯಲ್ಲಿ' ಅನ್ನೋ ಪರಿಣಾಮಗಳು ಆ ಹಂತದ ಬಾಗಿಲಲ್ಲಿ ಒಂದು ಸಲ ಮಾತ್ರ ಎದ್ದು ಸ್ಟ್ಯಾಕ್‌ಗೆ ಹೋಗ್ತವೆ. ಎದುರಾಳಿಯ ಸರದಿಯಲ್ಲಿ ಆ ಬಾಗಿಲು ದಾಟಿದ ಮೇಲೆ ವೇಲೇ ಹಾಕಿದರೆ? ಸವಾರರನ್ನು ಮಾಯ ಮಾಡೋ ಗಳಿಗೆ ಆಗಲೇ ಕಳೆದುಹೋಗಿದೆ. ಮುಂದಿನ ಸರದಿ ನಿಮ್ಮದು, ಸವಾರರು ಅಲ್ಲೇ ನಿಂತಿದ್ದಾರೆ, ಆರು ಏಟು. ಕೆಂಪು ಬಣ್ಣದಲ್ಲಿ ಆರು ಏಟಿನ 'ಬಾಲ್ ಲೈಟ್ನಿಂಗ್' ಅನ್ನೋ ಹೆಸರುವಾಸಿ ಕಾರ್ಡು ಇದ್ದುದರಿಂದ ಈ ತಂತ್ರಕ್ಕೆ 'ವೈಟ್ ಲೈಟ್ನಿಂಗ್' ಅಂತ ಹೆಸರು ಬಿತ್ತು. ಕಾರ್ಡಿನ ಮೇಲಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಸುತ್ತಲಿನ ಗಡಿಯಾರ ಬದಲಾಗಿತ್ತು. ಕೊನೆಗೆ ಕಂಪನಿ ಆ ಕಾರ್ಡಿಗೇ ತಿದ್ದುಪಡಿ ಹೊರಡಿಸಬೇಕಾಯಿತು.

ಈಗ ನನ್ನ ಗೆಳೆಯನ ಗಾಬ್ಲಿನ್‌ಗೆ ಬರೋಣ.

1999ರ ನಿಯಮ ಕಾಳಗದ ಏಟನ್ನೂ ಸ್ಟ್ಯಾಕ್ ಮೇಲೆ ಕೂರಿಸಿತು. ಎಲ್ಲದಕ್ಕೂ ಒಂದೇ ಪೇರಿ ಅಂದ ಮೇಲೆ ಇದಕ್ಕೂ ಯಾಕಿರಬಾರದು? ಜೀವಿಗಳು ಹೊಡೆದಾಡಿದಾಗ ಏಟು ತಕ್ಷಣ ಬೀಳೋದಿಲ್ಲ. ಯಾರಿಗೆ ಎಷ್ಟು ಅಂತ ಬರೆದಿಟ್ಟ ಚೀಟಿಯ ಹಾಗೆ ಅದು ಪೇರಿಗೆ ಹೋಗುತ್ತೆ, ಆಗ ಇಬ್ಬರಿಗೂ ಮಾತಾಡೋ ಹಕ್ಕು ಸಿಗುತ್ತೆ. ಹೊಡೆದವನು ಅಷ್ಟರಲ್ಲಿ ಸತ್ತರೂ ಚೀಟಿ ಅಲ್ಲೇ ಇರುತ್ತೆ. ಚೆಕ್ ಬರೆದಾಗಿದೆ, ಬರೆದವನು ಊರು ಬಿಟ್ಟರೂ ಪಾಸಾಗುತ್ತೆ. ಮಾಗ್ ಫೆನಾಟಿಕ್‌ಗೆ ಇದು ಹಬ್ಬ. 1997ರ 'ಟೆಂಪೆಸ್ಟ್' ಕಟ್ಟಿನಲ್ಲಿ ಬಂದಾಗ ಅದೊಂದು ಒಳ್ಳೇ ಪುಟ್ಟ ಕಾರ್ಡು. 1999ರ ನಂತರ ಒಂದು ಮನಾದ ಗಾಬ್ಲಿನ್ ಎರಡು ಏಟು ತಾಳೋ ಜೀವಿಯನ್ನು ಕೊಂದು ತಾನೂ ಸಾಯೋ ಯೋಧನಾಯಿತು. ಹತ್ತು ವರ್ಷ ಜಗತ್ತಿನಲ್ಲಿ ಎಲ್ಲಾ ಕಡೆ ಹಾಗೇ ಆಡಿದರು. ನನ್ನ ಗೆಳೆಯನ ಅಣ್ಣ 2008ರಲ್ಲಿ ಹೇಳಿಕೊಟ್ಟದ್ದು ಅದನ್ನೇ.

2009ರ ಜುಲೈ. 'ಮ್ಯಾಜಿಕ್ 2010' ಅನ್ನೋ ಮೂಲ ಕಟ್ಟು ಬಂತು, ಜೊತೆಗೆ ನಿಯಮಗಳಲ್ಲಿ ಇನ್ನೊಂದು ದೊಡ್ಡ ತಿದ್ದುಪಡಿ. ಕಾಳಗದ ಏಟು ಸ್ಟ್ಯಾಕ್‌ನಿಂದ ಹೊರಗೆ. ಹೊಡೆದರೆ ಆಗಲೇ ಬಿತ್ತು, ನಡುವೆ ಮಾತಿಲ್ಲ. ಕಂಪನಿ ಕೊಟ್ಟ ಕಾರಣ ಸರಳವಾಗಿತ್ತು: ಹೊಸಬರಿಗೆ ಇದು ಅರ್ಥವೇ ಆಗ್ತಿರಲಿಲ್ಲ. ಗುದ್ದು ಹೊರಟಿದೆ, ಗುದ್ದಿದವನು ಇಲ್ಲ, ಆದರೂ ಗುದ್ದು ಗಾಳಿಯಲ್ಲಿ ಬರ್ತಾ ಇದೆ ಅಂದ್ರೆ ಯಾರಿಗೆ ತಾನೇ ಹೊಳೆಯುತ್ತೆ? ಹಳಬರು ಸಿಟ್ಟಾದರು. ಅವರ ವಾದದಲ್ಲೂ ಹುರುಳಿತ್ತು. ಆ ಒಂದು ನಿಯಮದ ಸುತ್ತ ಹತ್ತು ವರ್ಷದಲ್ಲಿ ಒಂದು ಇಡೀ ಕುಶಲತೆ ಬೆಳೆದಿತ್ತು. ಅದು ಒಂದೇ ದಿನದಲ್ಲಿ ಹಳೇ ನೋಟಾಯಿತು.

ನಾನು ಬಹಳ ದಿನ ಕಂಪನಿ ಪರ ಇದ್ದೆ. ಈಗ ಅಷ್ಟು ಖಾತ್ರಿ ಇಲ್ಲ. 1999ರ ಯೋಚನೆಯ ಸೊಗಸು ಇದ್ದದ್ದೇ 'ಎಲ್ಲದಕ್ಕೂ ಉತ್ತರ ಕೊಡಬಹುದು' ಅನ್ನೋದರಲ್ಲಿ. 2009ರಲ್ಲಿ ಅದಕ್ಕೆ ಒಂದು ಅಪವಾದ ಸೇರಿತು. ಆದರೆ ಗಾಬ್ಲಿನ್ ವಿಷಯದಲ್ಲಿ ಹೊಸ ನಿಯಮ ಒಂದು ಒಳ್ಳೇ ಸಂಕಟ ತಂದದ್ದೂ ನಿಜ. ಈಗ ಹೊಡೆಯಬೇಕಾ, ಬಲಿಯಾಗಬೇಕಾ ಅಂತ ಆರಿಸಿಕೊಳ್ಳಲೇಬೇಕು. ಮೊದಲು ಎರಡೂ ಸಿಗ್ತಿದ್ದಾಗ ಯೋಚನೆಯೇ ಬೇಕಿರಲಿಲ್ಲ.

ಅದೇ ಜುಲೈನಲ್ಲಿ ಇನ್ನೊಂದು ಹಳೇ ನಿಯಮವೂ ಹೋಯಿತು: ಮನಾ ಬರ್ನ್. ಹುಟ್ಟಿಸಿದ ಮನಾ ಖರ್ಚಾಗದೆ ಉಳಿದರೆ ಅಷ್ಟೂ ಪ್ರಾಣ ಕಳಕೊಳ್ಳಬೇಕಿತ್ತು, ಶುರುವಿನಿಂದಲೂ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಬೇರೆ ಆಟಗಳು ಏನು ಮಾಡಿದವು? ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿರೋದು ಯು-ಗಿ-ಓ, ಟಿವಿ ಕಾರ್ಟೂನ್ ಮತ್ತು ಅಂಗಡಿಯ ನಕಲಿ ಪ್ಯಾಕೆಟ್‌ಗಳ ಪುಣ್ಯದಿಂದ. ನನ್ನ ಹತ್ತಿರವೂ ಒಂದು ಕಟ್ಟು ಇತ್ತು, ನಾವು ಅದನ್ನು ಟ್ರಂಪ್ ಕಾರ್ಡ್ ಥರ ಆಡ್ತಿದ್ವಿ, ಯಾರ ದಾಳಿಯ ಅಂಕಿ ದೊಡ್ಡದೋ ಅವನು ಗೆದ್ದ. ನಿಜವಾದ ಆಟ ಕೊನಾಮಿ ಕಂಪನಿಯಿಂದ 1999ರಲ್ಲಿ ಜಪಾನ್‌ನಲ್ಲಿ ಬಂತು. ಅದರಲ್ಲಿ 'ಚೈನ್' ಇದೆ. ಕೊನೆಯದ್ದೇ ಮೊದಲು, ಸರಿ. ಆದರೆ ಚೈನ್ ಜಾರಿಯಾಗೋಕೆ ಶುರುವಾದ ಮೇಲೆ ನಡುವೆ ಏನೂ ಸೇರಿಸೋ ಹಾಗಿಲ್ಲ. ಹಳೇ ಬ್ಯಾಚ್ ನೆನಪಾಯಿತಾ? ಜೊತೆಗೆ 'ಸ್ಪೆಲ್ ಸ್ಪೀಡ್' ಒಂದು, ಎರಡು, ಮೂರು. ಮೂರಕ್ಕೆ ಮೂರೇ ಉತ್ತರ ಕೊಡಬೇಕು, ಇಂಟರಪ್ಟ್ ಥರವೇ. ಮ್ಯಾಜಿಕ್ 1999ರಲ್ಲಿ ಕೈಬಿಟ್ಟ ಎರಡೂ ವಿಚಾರ ಅದೇ ವರ್ಷ ಹುಟ್ಟಿದ ಇನ್ನೊಂದು ಆಟದಲ್ಲಿ ಇವತ್ತಿಗೂ ಚೆನ್ನಾಗಿ ಬದುಕಿವೆ. ಹಾಗಾಗಿ ಹಳೇದು ಕೆಟ್ಟದ್ದೇ ಆಗಿತ್ತು ಅಂತ ಹೇಳೋಕೆ ನಾನು ಹಿಂಜರಿಯುತ್ತೀನಿ.

ಯು-ಗಿ-ಓದಲ್ಲಿ ಇನ್ನೊಂದು ಕಠಿಣ ವಿಷಯ ಇದೆ, 'ಟೈಮಿಂಗ್ ತಪ್ಪಿಹೋಗೋದು'. ಕಾರ್ಡಿನ ಮೇಲೆ 'ಹೀಗಾದಾಗ ನೀವು ಮಾಡಬಹುದು' ಅಂತ ಬರೆದಿದ್ದರೆ, ಆ ಘಟನೆ ಕಟ್ಟಕಡೆಗೆ ನಡೆದದ್ದು ಆಗಿರಬೇಕು. ಅದರ ನಂತರ ಇನ್ನೇನೋ ನಡೆದುಬಿಟ್ಟರೆ ನಿಮ್ಮ ಅವಕಾಶ ಹೋಯಿತು. 'ಹೀಗಾದರೆ' ಅಂತ ಬರೆದಿದ್ದರೆ ಉಳಿಯುತ್ತೆ. 'ಆದಾಗ' ಮತ್ತು 'ಆದರೆ' ನಡುವಿನ ವ್ಯತ್ಯಾಸಕ್ಕೆ ಪಂದ್ಯ ಸೋತವರು ಎಷ್ಟು ಜನರೋ!

ಪೋಕೆಮಾನ್ ಕಾರ್ಡ್ ಆಟ ಈ ತಲೆನೋವೇ ಬೇಡ ಅಂದಿತು. ನಿಮ್ಮ ಸರದಿಯಲ್ಲಿ ಎದುರಿನವರು ಕಾರ್ಡು ಹಾಕೋ ಹಾಗೇ ಇಲ್ಲ. 2014ರಲ್ಲಿ ಬಂದ ಡಿಜಿಟಲ್ ಆಟ ಹಾರ್ತ್‌ಸ್ಟೋನ್ ಕೂಡ ಅದೇ ದಾರಿ ಹಿಡಿಯಿತು. ಮೊದಲೇ ಇಟ್ಟ 'ಸೀಕ್ರೆಟ್' ಕಾರ್ಡುಗಳು ತಾವಾಗೇ ಸಿಡಿಯುತ್ತವೆ, ನೀವು ನೋಡ್ತಾ ಕೂತಿರಬೇಕು. ಬಸ್ಸಲ್ಲಿ ಆಡೋಕೆ ಹೇಳಿಮಾಡಿಸಿದ್ದು. 'ತಡಿ' ಅನ್ನೋ ಸುಖ ಇಲ್ಲ.

ಇನ್ನು ನಾನು ಕಲಿತ ಆ್ಯಪ್, ಮ್ಯಾಜಿಕ್ ಅರೀನಾ. ಅದು ಸ್ಟ್ಯಾಕ್ ನಿಯಮವನ್ನು ಪೂರ್ತಿ ಪಾಲಿಸುತ್ತೆ, ಆದರೆ ಪ್ರತಿ ಸಲ 'ಏನಾದರೂ ಹೇಳೋದಿದೆಯಾ' ಅಂತ ಕೇಳ್ತಾ ಕೂತರೆ ಒಂದು ಪಂದ್ಯಕ್ಕೆ ಒಂದು ಸಂಜೆ ಬೇಕು. ಹಾಗಾಗಿ ನಿಮ್ಮ ಕೈಯಲ್ಲಿ ಉತ್ತರ ಕೊಡಬಲ್ಲ ಕಾರ್ಡು ಇಲ್ಲದಿದ್ದರೆ ಅದೇ ನಿಮ್ಮ ಪರವಾಗಿ 'ಇಲ್ಲ' ಅಂದು ಮುಂದೆ ಹೋಗುತ್ತೆ. ಇದರಿಂದ ಒಂದು ವಿಚಿತ್ರ ಆಗಿದೆ. ನಾನು ಮಂತ್ರ ಹಾಕಿದಾಗ ಪರದೆ ಅರೆಗಳಿಗೆ ನಿಂತರೆ, ಎದುರಿನವನ ಕೈಯಲ್ಲಿ ಏನೋ ಇದೆ ಅಂತ ನನಗೆ ಗೊತ್ತಾಗಿಬಿಡುತ್ತೆ. ಚಾಪೆ ಮೇಲೆ ಕೂತು ಆಡುವಾಗ ಹಾಗಲ್ಲ. ಬರಿಗೈಯಲ್ಲಿ ಕೂತವನೂ ಗಲ್ಲ ಕೆರೆದುಕೊಂಡು, ಕಾರ್ಡು ನೋಡಿ, 'ಹೂಂ... ಸರಿ, ಹೋಗು' ಅನ್ನಬಹುದು. ನನ್ನ ಗೆಳೆಯ ಅದರಲ್ಲಿ ಪಳಗಿದ್ದ. ಅವನ ಆ 'ಹೂಂ' ಕೇಳಿ ನಾನು ಎಷ್ಟೋ ಸಲ ದಾಳಿಯನ್ನೇ ಕೈಬಿಟ್ಟಿದ್ದೀನಿ.

ಆ್ಯಪ್ ನನಗೆ ಇನ್ನೊಂದು ಕೆಟ್ಟ ಅಭ್ಯಾಸವನ್ನೂ ಕಲಿಸಿತ್ತು ಅಂತ ಈಗ ಅನ್ನಿಸುತ್ತೆ. ಅಲ್ಲಿ ತಪ್ಪು ಆಡೋಕೆ ಸಾಧ್ಯವೇ ಇಲ್ಲ. ನಿಯಮ ಮೀರಿದರೆ ಗುಂಡಿ ಒತ್ತೋಕೇ ಬರಲ್ಲ. ಹಾಗಾಗಿ ಒಬ್ಬ ಮನುಷ್ಯ ನಿಯಮಕ್ಕೆ ಹೊರತಾಗಿ ಆಡಿದ ಅಂದ್ರೆ ಬೇಕಂತಲೇ ಮಾಡಿದ ಅಂತ ನನ್ನ ತಲೆ ಲೆಕ್ಕ ಹಾಕಿತು. ನಿಯಮಕ್ಕೂ ಒಂದು ಹುಟ್ಟಿದ ದಿನ ಇರುತ್ತೆ ಅಂತ ಹೊಳೆಯಲೇ ಇಲ್ಲ. ಇವತ್ತು ಮ್ಯಾಜಿಕ್‌ನ ಪೂರ್ಣ ನಿಯಮಾವಳಿ ಇನ್ನೂರಕ್ಕೂ ಹೆಚ್ಚು ಪುಟ. ಅದರಲ್ಲಿ ಸ್ಟ್ಯಾಕ್‌ಗೇ ಒಂದು ಅಧ್ಯಾಯ, 405ನೇ ಸಂಖ್ಯೆಯದ್ದು. 2019ರಲ್ಲಿ ಮೂವರು ಸಂಶೋಧಕರು, ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬೈಡರ್ಮನ್ ಮತ್ತು ಆಸ್ಟಿನ್ ಹೆರಿಕ್, ಈ ಕಾರ್ಡುಗಳನ್ನು ಸರಿಯಾಗಿ ಜೋಡಿಸಿದರೆ ಆಟದೊಳಗೇ ಒಂದು ಟ್ಯೂರಿಂಗ್ ಯಂತ್ರ ನಡೆಸಬಹುದು ಅಂತ ಸಾಧಿಸಿ ತೋರಿಸಿದರು. ಯಾವುದಾದ ಮೇಲೆ ಯಾವುದು ಅನ್ನೋದು ಅಷ್ಟು ಖಚಿತವಾಗಿದೆ ಈಗ. 1993ರ ಜೇಬು ಪುಸ್ತಕದಿಂದ ಇಲ್ಲಿ ತನಕ ಬಂದ ದಾರಿಯಲ್ಲಿ ನನ್ನ ಗೆಳೆಯ ಒಂದು ಕಡೆ ನಿಂತಿದ್ದ, ನಾನು ಹನ್ನೆರಡು ವರ್ಷ ಮುಂದೆ ನಿಂತು ಅವನನ್ನು ಮೋಸಗಾರ ಅಂದೆ.

ಕಳೆದ ವಾರ ಅವನಿಗೆ ಮೆಸೇಜ್ ಹಾಕಿದೆ. ಮೂರು ಸಲ ಬರೆದು ಅಳಿಸಿ, ಕೊನೆಗೆ ಇಷ್ಟು: "1999ರ ಏಪ್ರಿಲ್‌ನಿಂದ 2009ರ ಜುಲೈ ತನಕ ನಿನ್ನ ಗಾಬ್ಲಿನ್ ಎರಡು ಸಲ ಹೊಡೀಬಹುದಿತ್ತು. ನೀನು ಆಡಿದ್ದು ಸರಿಯಾಗೇ ಇತ್ತು. ಅವತ್ತು ಅವರ ಮುಂದೆ ಹಾಗಂದಿದ್ದು ನನ್ನ ತಪ್ಪು." ಎರಡು ನೀಲಿ ಗೀಟು ಬಿತ್ತು. ಆ ರಾತ್ರಿ ಉತ್ತರ ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಬಂತು. "ಡಬ್ಬಿ ಅಟ್ಟದ ಮೇಲಿದೆ, ಇಳಿಸ್ತೀನಿ. ಆದ್ರೆ ಹಳೇ ನಿಯಮ ಅಂದ್ರೆ ಪೂರ್ತಿ ಹಳೇದು. ಮನಾ ಬರ್ನ್ ಲೆಕ್ಕಕ್ಕಿದೆ ಕಣೋ."

ನಾ ಇವತ್ತಿನ ತನಕ ಮನಾ ಬರ್ನ್ ಇಟ್ಟುಕೊಂಡು ಒಂದು ಆಟವನ್ನೂ ಆಡಿಲ್ಲ. ಭಾನುವಾರ ಅವನ ಮನೆಗೆ ಹೋಗ್ತಾ ಇದೀನಿ. ಹೇಗಾಯಿತು ಅಂತ ಮುಂದಿನ ಸಂಚಿಕೆಯ ಶುರುವಿನಲ್ಲಿ ಹೇಳ್ತೀನಿ.